ಒಂದು ಜೀನ್ ತಗೊಂಡು ಪ್ರೋಟೀನ್ ತನಕ ಕೈಯಲ್ಲೇ ಓದೋದು ಹೇಗೆ

ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನ್. ಬಯಾಲಜಿ ಓದಿದ ಎಲ್ರಿಗೂ ಈ ಸಾಲು ಬಾಯಿಪಾಠ. ಆದ್ರೆ ಒಂದು ಜೀನಿನ ಬರೀ ಮೂವತ್ತು ಅಕ್ಷರ ಕೈಗೆ ಕೊಟ್ಟು, ಇದರಿಂದ ಯಾವ ಯಾವ ಅಮಿನೋ ಆಸಿಡ್ (ಪ್ರೋಟೀನ್ ಸರಪಳಿಯ ಒಂದೊಂದು ಮಣಿ) ಬರತ್ತೆ ಬರೀರಿ ಅಂದ್ರೆ ಸುಮಾರು ಜನ ಎರಡನೇ ಸಾಲಲ್ಲೇ ಎಡವ್ತಾರೆ. ನಾನೂ ಎಡವಿದೀನಿ, ಪರೀಕ್ಷೇಲಿ ಯಾವ ಎಳೆ ಕೊಟ್ಟಿದಾರೆ ಅಂತಾನೇ ನೋಡದೆ ಗಡಿಬಿಡೀಲಿ ಜೋಡಿ ಅಕ್ಷರ ಬರ್ಕೊಂಡು ಹೋಗಿ, ಇಡೀ ಪ್ರಶ್ನೆಗೆ ಸೊನ್ನೆ ತಗೊಂಡು ಬಂದಿದ್ದೆ. ಆಮೇಲೆ ಒಂದೇ ಒಂದು ನಿಜವಾದ ಜೀನ್ ಹಿಡ್ಕೊಂಡು ಪೆನ್ಸಿಲಲ್ಲಿ ಓದಿದ ಮೇಲೇನೇ ವಿಷಯ ತಲೆಗೆ ಹತ್ತಿದ್ದು. ಅದನ್ನೇ ಇಲ್ಲಿ ಹೇಳ್ತೀನಿ.

ಗೆರೆ ಇರೋ ಒಂದು ಹಾಳೆ, ಪೆನ್ಸಿಲ್, ರಬ್ಬರ್, ಒಂದು ಕೋಡಾನ್ ಟೇಬಲ್ ಇಟ್ಕೊಳ್ಳಿ. ಕೋಡಾನ್ ಅಂದ್ರೆ ಮೂರಕ್ಷರದ ಪದ, ಯಾವ ಪದಕ್ಕೆ ಯಾವ ಅಮಿನೋ ಆಸಿಡ್ ಅಂತ ಹೇಳೋದು ಈ ಟೇಬಲ್. ಟೇಬಲ್ ಯಾವ ಪಠ್ಯಪುಸ್ತಕದಲ್ಲಾದ್ರೂ ಸಿಗತ್ತೆ, ಬಾಯಿಪಾಠ ಮಾಡೋಕೆ ಹೋಗ್ಬೇಡಿ.

ಅಭ್ಯಾಸಕ್ಕೆ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಜೀನ್ ತಗೊಳ್ಳೋಣ, ಮನುಷ್ಯರಲ್ಲಿ 11ನೇ ಕ್ರೋಮೋಸೋಮಲ್ಲಿ ಇರೋದು. ಪ್ರೋಟೀನ್ ಶುರುವಾಗೋ ಜಾಗದಿಂದ ಮೊದಲ ಮೂವತ್ತು ಅಕ್ಷರ ಹೀಗಿದೆ, ಓದೋಕೆ ಸುಲಭ ಆಗ್ಲಿ ಅಂತ ಮೂರು ಮೂರು ಮಾಡಿ ಬರ್ದಿದೀನಿ:

ಎಟಿಜಿ – ಜಿಟಿಜಿ – ಸಿಎಟಿ – ಸಿಟಿಜಿ – ಎಸಿಟಿ – ಸಿಸಿಟಿ – ಜಿಎಜಿ – ಜಿಎಜಿ – ಎಎಜಿ – ಟಿಸಿಟಿ

ಇದನ್ನ ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೀರಿ, ಎಡಗಡೆ ಫೈವ್ ಪ್ರೈಮ್, ಬಲಗಡೆ ತ್ರೀ ಪ್ರೈಮ್ ಅಂತ ಗುರುತು ಹಾಕಿ, ಎಳೆಯ ಎರಡು ತುದಿಗಳ ಹೆಸರು ಅವು, ದಿಕ್ಕು ತಿಳಿಯೋದು ಅದರಿಂದಾನೇ. ಈ ಗುರುತು ಹಾಕದೇ ಇರೋದೇ ಅರ್ಧ ತಪ್ಪುಗಳ ಮೂಲ.

ಯಾವ ಎಳೆ?

ಡಿಎನ್‌ಎಗೆ ಎರಡು ಎಳೆ, ಎ ಎದುರು ಟಿ, ಜಿ ಎದುರು ಸಿ. ಈಗ ಮೇಲೆ ಬರ್ದಿದ್ದರ ಕೆಳಗೆ ಅದರ ಜೋಡಿ ಬರೀರಿ:

ಟಿಎಸಿ – ಸಿಎಸಿ – ಜಿಟಿಎ – ಜಿಎಸಿ – ಟಿಜಿಎ – ಜಿಜಿಎ – ಸಿಟಿಸಿ – ಸಿಟಿಸಿ – ಟಿಟಿಸಿ – ಎಜಿಎ

ಈ ಕೆಳಗಿನ ಎಳೆ ಉಲ್ಟಾ ದಿಕ್ಕಿಂದು, ಅಂದ್ರೆ ಇದರ ಎಡಗಡೆ ತ್ರೀ ಪ್ರೈಮ್. ಇದೇ ಟೆಂಪ್ಲೇಟ್. ಆರ್‌ಎನ್‌ಎ ಪಾಲಿಮರೇಸ್ ಅನ್ನೋ ಎಂಜೈಮ್ ಪ್ರಮೋಟರ್ ಅನ್ನೋ ಜಾಗದಲ್ಲಿ ಕೂತು, ಎರಡೂ ಎಳೆನ ಸ್ವಲ್ಪ ಬಿಡಿಸಿ, ಈ ಟೆಂಪ್ಲೇಟನ್ನ ನೋಡ್ಕೊಂಡು ಎದುರು ಅಕ್ಷರ ಜೋಡಿಸ್ತಾ ಹೋಗತ್ತೆ, ಟಿ ಬರ್ಬೇಕಾದ ಕಡೆ ಯು ಹಾಕತ್ತೆ. ಬ್ಯಾಕ್ಟೀರಿಯಾದಲ್ಲಾದ್ರೆ ಸೆಕೆಂಡಿಗೆ ಸುಮಾರು 40ರಿಂದ 50 ಅಕ್ಷರ, ನಮ್ಮ ಪೆನ್ಸಿಲ್ ಅದರ ಹತ್ರಾನೂ ಸುಳಿಯಲ್ಲ. ಈಗ ನೀವೂ ಟೆಂಪ್ಲೇಟ್ ನೋಡ್ಕೊಂಡು ಮೂರನೇ ಸಾಲು, ಅಂದ್ರೆ ಮೆಸೆಂಜರ್ ಆರ್‌ಎನ್‌ಎ, ಬರೀರಿ:

ಎಯುಜಿ – ಜಿಯುಜಿ – ಸಿಎಯು – ಸಿಯುಜಿ – ಎಸಿಯು – ಸಿಸಿಯು – ಜಿಎಜಿ – ಜಿಎಜಿ – ಎಎಜಿ – ಯುಸಿಯು

ಮೊದಲ ಸಾಲು, ಮೂರನೇ ಸಾಲು ಪಕ್ಕಪಕ್ಕ ಇಟ್ಟು ನೋಡಿ. ಟಿ ಬದ್ಲು ಯು ಬಿಟ್ರೆ ಒಂದೇ! ಅದಕ್ಕೇ ಮೇಲಿನ ಎಳೆಗೆ ಕೋಡಿಂಗ್ ಎಳೆ ಅನ್ನೋದು, ಪಾಲಿಮರೇಸ್ ಅದನ್ನ ಓದೋದೇ ಇಲ್ಲ, ಆದ್ರೂ ಮೆಸೇಜ್ ಕಾಣೋದು ಅದರಲ್ಲೇ. ಹಾಗಾಗಿ ಕೋಡಿಂಗ್ ಎಳೆ ಕೊಟ್ಟಿದ್ರೆ ಟಿ ತೆಗೆದು ಯು ಹಾಕಿ, ಮುಗೀತು. ಟೆಂಪ್ಲೇಟ್ ಕೊಟ್ಟಿದ್ರೆ ಮಾತ್ರ ಜೋಡಿ ಅಕ್ಷರ ಬರೀಬೇಕು. ನಾನು ಸೊನ್ನೆ ತಗೊಂಡಿದ್ದು ಇಲ್ಲೇ, ಕೋಡಿಂಗ್ ಎಳೆಗೇ ಜೋಡಿ ಬರ್ದು ಅದನ್ನ ಮೆಸೆಂಜರ್ ಅಂತ ಕೊಟ್ಟಿದ್ದೆ.

ಕತ್ತರಿ ಕೆಲಸ

ಬ್ಯಾಕ್ಟೀರಿಯಾ ಆದ್ರೆ ಈ ಮೆಸೇಜ್ ಹಾಗೇ ನಡೆಯತ್ತೆ, ನ್ಯೂಕ್ಲಿಯಸ್ಸೇ ಇಲ್ಲ ಅದಕ್ಕೆ, ಆರ್‌ಎನ್‌ಎ ಇನ್ನೂ ತಯಾರಾಗ್ತಾ ಇರುವಾಗ್ಲೇ ರೈಬೋಸೋಮ್ (ಪ್ರೋಟೀನ್ ಕಟ್ಟೋ ಯಂತ್ರ) ಬಂದು ಇನ್ನೊಂದು ತುದಿಯಿಂದ ಓದೋಕೆ ಶುರು ಮಾಡ್ಬಿಡತ್ತೆ. ನಮ್ಮ ಜೀವಕೋಶದಲ್ಲಿ ಹಾಗಲ್ಲ. ಮುಂಭಾಗಕ್ಕೆ ಒಂದು ಕ್ಯಾಪ್, ಹಿಂದೆ ಎ ಎ ಎ ಅಂತ ಉದ್ದದ ಬಾಲ, ಮಧ್ಯೆ ಬೇಡದ ತುಂಡುಗಳು ಅಂದ್ರೆ ಇಂಟ್ರಾನ್‌ಗಳು ಕಟ್, ಇಷ್ಟಾದ್ಮೇಲೆ ನ್ಯೂಕ್ಲಿಯಸ್ಸಿಂದ ಹೊರಗೆ. ನಮ್ಮ ಬೀಟಾ ಜೀನಲ್ಲಿ ಎರಡೇ ಇಂಟ್ರಾನ್. ಡಿಸ್ಟ್ರೋಫಿನ್ ಅನ್ನೋ ಸ್ನಾಯುವಿನ ಪ್ರೋಟೀನ್ ಜೀನ್ ನೋಡಿದ್ರೆ ಸುಮಾರು 22 ಲಕ್ಷ ಅಕ್ಷರ ಉದ್ದ, ಕತ್ತರಿಸಿ ಅಂಟಿಸಿದ ಮೇಲೆ ಉಳಿಯೋದು 14 ಸಾವಿರ ಚಿಲ್ಲರೆ! ಜೀನ್ ಹೀಗೆ ತುಂಡುತುಂಡಾಗಿ ಇರತ್ತೆ ಅಂತ ಗೊತ್ತಾಗಿದ್ದೇ 1977ರಲ್ಲಿ. ಹಾಳೇಲಿ ಇಂಟ್ರಾನ್ ಗುರುತಿಸೋಕೆ ಒಂದು ಸುಳಿವು, ಆರ್‌ಎನ್‌ಎಯಲ್ಲಿ ಅದು ಹೆಚ್ಚುಕಮ್ಮಿ ಯಾವಾಗ್ಲೂ ಜಿಯುನಿಂದ ಶುರುವಾಗಿ ಎಜಿಯಲ್ಲಿ ಮುಗಿಯತ್ತೆ. ಆದ್ರೆ ಕಂಡ ಕಂಡ ಜಿಯು ಎಲ್ಲಾ ಇಂಟ್ರಾನ್ ಅಂತ ಕತ್ತರಿಸೋಕೆ ಹೋಗ್ಬೇಡಿ, ಸುತ್ತಮುತ್ತಲಿನ ಅಕ್ಷರಾನೂ ಲೆಕ್ಕಕ್ಕೆ ಬರತ್ತೆ.

ಎಲ್ಲಿಂದ ಓದೋದು?

ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಮಜಾ ಇರೋ ಭಾಗ ಇದು. ಅಕ್ಷರಗಳ ಮಧ್ಯೆ ಜಾಗಾನೇ ಇಲ್ಲ, ನಾನು ಹಾಕಿರೋ ಗೆರೆಗಳು ನನ್ನವು. ಕನ್ನಡದಲ್ಲೇ ನೋಡಿ, "ಅವಳು ನಮಗೆ ಪುಸ್ತಕ ಕೊಡಲಿ", ಎಲ್ಲಾ ಮೂರಕ್ಷರದ ಪದ. ಒಂದೇ ಒಂದು ಅಕ್ಷರ ಬಿಟ್ಟು ಶುರು ಮಾಡಿದ್ರೆ "ವಳುನ ಮಗೆಪು ಸ್ತಕಕೊ ಡಲಿ". ಏನಾದ್ರೂ ಅರ್ಥ ಆಯ್ತಾ? ಜೀನ್ ಕಥೇನೂ ಇಷ್ಟೇ.

ನಮ್ಮ ಮೂರನೇ ಸಾಲನ್ನೇ ತಗೊಂಡು ಮೊದಲ ಎ ಬಿಟ್ಟು ಓದಿ: ಯುಜಿಜಿ, ಯುಜಿಸಿ, ಎಯುಸಿ, ಯುಜಿಎ. ಟೇಬಲ್ ನೋಡಿ, ಯುಜಿಎ ಅಂದ್ರೆ ಸ್ಟಾಪ್, ಮೂರೇ ಅಮಿನೋ ಆಸಿಡ್‌ಗೆ ಗಾಡಿ ನಿಂತೋಯ್ತು. ಸರಿ, ಎರಡು ಅಕ್ಷರ ಬಿಟ್ಟು ಓದಿ: ಜಿಜಿಯು, ಜಿಸಿಎ, ಯುಸಿಯು, ಜಿಎಸಿ, ಯುಸಿಸಿ, ಯುಜಿಎ. ಮತ್ತೆ ಸ್ಟಾಪ್! ಎಯುಜಿಯಿಂದ ಶುರು ಮಾಡಿದ ಓದು ಮಾತ್ರ ನಿಲ್ಲದೆ 147 ಕೋಡಾನ್ ತನಕ ಹೋಗತ್ತೆ. ಗೊತ್ತಿಲ್ಲದ ಒಂದು ಸೀಕ್ವೆನ್ಸ್ ಕೊಟ್ಟು ಇದರಲ್ಲಿ ಪ್ರೋಟೀನ್ ಇದ್ಯಾ ಅಂದ್ರೆ ಮಾಡೋದೂ ಇದನ್ನೇ, ಎರಡೂ ಎಳೇಲಿ ಮೂರು ಮೂರು ಥರ, ಒಟ್ಟು ಆರು ಥರ ಓದಿ ಎಲ್ಲಿ ಎಯುಜಿಯಿಂದ ಉದ್ದಕ್ಕೆ ಸ್ಟಾಪ್ ಇಲ್ಲದೆ ಹೋಗತ್ತೆ ಅಂತ ಹುಡುಕೋದು.

ಈಗ ಟೇಬಲ್ ಹಿಡ್ಕೊಂಡು ನಾಲ್ಕನೇ ಸಾಲು ಬರೀರಿ: ಮೆಥಿಯೋನಿನ್, ವ್ಯಾಲಿನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೋನಿನ್, ಪ್ರೋಲಿನ್, ಗ್ಲುಟಾಮಿಕ್ ಆಸಿಡ್, ಇನ್ನೊಂದು ಗ್ಲುಟಾಮಿಕ್ ಆಸಿಡ್, ಲೈಸಿನ್, ಸೀರಿನ್. ಒಟ್ಟು 64 ಕೋಡಾನ್, ಅದರಲ್ಲಿ ಯುಎಎ, ಯುಎಜಿ, ಯುಜಿಎ ಮೂರು ಸ್ಟಾಪು, ಉಳಿದ 61ಕ್ಕೆ ಇಪ್ಪತ್ತು ಅಮಿನೋ ಆಸಿಡ್. ಈ ಟೇಬಲ್ ಸುಮ್ನೆ ಬಂದಿದ್ದಲ್ಲ. 1961ರಲ್ಲಿ ಮಾರ್ಷಲ್ ನೀರೆನ್‌ಬರ್ಗ್ ಮತ್ತೆ ಹೈನ್‌ರಿಕ್ ಮಥಾಯ್ ಬರೀ ಯು ಯು ಯು ಇರೋ ಆರ್‌ಎನ್‌ಎನ ಒಡೆದ ಬ್ಯಾಕ್ಟೀರಿಯಾ ರಸಕ್ಕೆ ಹಾಕಿದ್ರು, ಹೊರಗೆ ಬಂದಿದ್ದು ಬರೀ ಫಿನೈಲ್‌ಅಲನಿನ್ ಸರಪಳಿ. ಮೊದಲ ಪದ ಬಿಡಿಸಿದ್ದು ಹಾಗೆ. ಆಮೇಲೆ ಹರ್ ಗೋಬಿಂದ್ ಖೊರಾನಾ ಅಕ್ಷರಗಳನ್ನ ಬೇಕಾದ ಕ್ರಮದಲ್ಲೇ ಪೋಣಿಸಿ ಆರ್‌ಎನ್‌ಎ ತಯಾರು ಮಾಡಿ ಸುಮಾರು ಪದ ಬಿಡಿಸಿದ್ರು, 1968ರ ನೊಬೆಲ್ ನೀರೆನ್‌ಬರ್ಗ್, ಖೊರಾನಾ, ರಾಬರ್ಟ್ ಹಾಲಿ ಮೂವರಿಗೂ ಹೋಯ್ತು.

ನೀವು ಟೇಬಲ್ ನೋಡಿದ್ರಿ, ಜೀವಕೋಶ ಏನು ನೋಡತ್ತೆ?

ಅದರ ಹತ್ರ ಟೇಬಲ್ ಇಲ್ಲ, ಟಿಆರ್‌ಎನ್‌ಎ ಇದೆ. ಒಂದು ಕಡೆ ಮೂರಕ್ಷರದ ಆಂಟಿಕೋಡಾನ್, ಇನ್ನೊಂದು ತುದೀಲಿ ಅಮಿನೋ ಆಸಿಡ್. ಆದ್ರೆ ಸರಿಯಾದ ಟಿಆರ್‌ಎನ್‌ಎಗೆ ಸರಿಯಾದ ಅಮಿನೋ ಆಸಿಡ್ ಅಂಟಿಸೋರು ಯಾರು? ಸಿಂಥಟೇಸ್ ಅನ್ನೋ ಎಂಜೈಮ್‌ಗಳು. ಭಾಷೆ ನಿಜವಾಗ್ಲೂ ಗೊತ್ತಿರೋದು ಇವಕ್ಕೇನೇ, ರೈಬೋಸೋಮ್ ಬರೀ ಮೂರಕ್ಷರ ಜೋಡಿ ಆಯ್ತಾ ಅಂತ ನೋಡತ್ತೆ, ಟಿಆರ್‌ಎನ್‌ಎ ಬೆನ್ನ ಮೇಲೆ ತಪ್ಪು ಅಮಿನೋ ಆಸಿಡ್ ಕೂತಿದ್ರೆ ಅದನ್ನೂ ಕಣ್ಮುಚ್ಚಿ ಜೋಡಿಸ್ಬಿಡತ್ತೆ. ಪುಸ್ತಕಗಳು ರೈಬೋಸೋಮನ್ನ ಹೊಗಳಿ ಇವನ್ನ ಒಂದೇ ಸಾಲಲ್ಲಿ ಮುಗಿಸ್ತಾವೆ, ಅದು ಅನ್ಯಾಯ ಅನ್ಸತ್ತೆ ನಂಗೆ.

ಹಾಳೇಲಿ ಆಂಟಿಕೋಡಾನ್ ಬರೀಬೇಕಾದ್ರೆ ದಿಕ್ಕು ನೆನಪಿರ್ಲಿ. ಎಯುಜಿ ಎದುರು ಯುಎಸಿ ಅಂತ ಬರೀತೀವಿ, ಆದ್ರೆ ಅದರ ಎಡಗಡೆ ತ್ರೀ ಪ್ರೈಮ್, ಫೈವ್ ಪ್ರೈಮಿಂದ ಹೇಳೋದಾದ್ರೆ ಅದು ಸಿಎಯು.

ರೈಬೋಸೋಮಲ್ಲಿ ಮೂರು ಸೀಟು ಬರ್ಕೊಳ್ಳಿ, ಎ, ಪಿ, ಇ. ಹೊಸ ಟಿಆರ್‌ಎನ್‌ಎ ಎ ಸೀಟಿಗೆ ಬಂದು ಕೂರತ್ತೆ, ಪಿ ಸೀಟಲ್ಲಿ ಇರೋದ್ರ ಕೈಲಿದ್ದ ಸರಪಳಿ ಪೂರ್ತಿ ಎ ಸೀಟಿನವನ ಅಮಿನೋ ಆಸಿಡ್ ಮೇಲೆ ವರ್ಗ ಆಗತ್ತೆ, ಎಲ್ಲಾ ಒಂದು ಕೋಡಾನ್ ಜರುಗತ್ತೆ, ಖಾಲಿ ಆದದ್ದು ಇ ಸೀಟಿಂದ ಇಳಿದು ಹೋಗತ್ತೆ. ಹೊಸದರ ಮೇಲೆ ಹಳೆ ಸರಪಳಿ ಬರೋದು, ಹಳೇದರ ತುದಿಗೆ ಹೊಸದು ಸಿಕ್ಕಿಸೋದಲ್ಲ, ಇದನ್ನ ಉಲ್ಟಾ ಬರೆಯೋರೇ ಜಾಸ್ತಿ. ಈ ಕೊಂಡಿ ಹಾಕೋ ಜಾಗದಲ್ಲಿ ಪ್ರೋಟೀನ್ ಇಲ್ಲ, ಕೆಲಸ ಮಾಡೋದು ಆರ್‌ಎನ್‌ಎನೇ. ರೈಬೋಸೋಮಿನ ಒಳಗೆ ಅಣು ಅಣು ತೋರಿಸಿದ್ದಕ್ಕೆ ವೆಂಕಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಅಡಾ ಯೋನಾಥ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಟೆಟ್ರಾಸೈಕ್ಲಿನ್ ಮಾತ್ರೆ ಕೆಲಸ ಮಾಡೋದೂ ಇಲ್ಲೇ, ಬ್ಯಾಕ್ಟೀರಿಯಾ ರೈಬೋಸೋಮಿನ ಎ ಸೀಟಿಗೆ ಯಾರೂ ಬಂದು ಕೂರದ ಹಾಗೆ ಅಡ್ಡ ಹಾಕತ್ತೆ.

ಅಕ್ಷರ ಬದಲಾಯಿಸಿ ನೋಡಿ

ಏಳನೇ ಕೋಡಾನ್ ಜಿಎಜಿಯ ಕೊನೇ ಜಿ ತೆಗೆದು ಎ ಹಾಕಿ. ಜಿಎಎ ಕೂಡ ಗ್ಲುಟಾಮಿಕ್ ಆಸಿಡ್ಡೇ, ಏನೂ ಬದಲಾಗಲ್ಲ. ಈಗ ಮಧ್ಯದ ಎ ತೆಗೆದು ಯು ಹಾಕಿ. ಜಿಯುಜಿ, ವ್ಯಾಲಿನ್. ಇದೇ ಸಿಕಲ್ ಸೆಲ್ ಕಾಯಿಲೆ. ವರ್ನನ್ ಇಂಗ್ರಾಮ್ 1957ರಲ್ಲಿ ತೋರಿಸಿದ್ದು ಇದನ್ನೇ, ಇಡೀ ಸರಪಳೀಲಿ ಒಂದೇ ಅಮಿನೋ ಆಸಿಡ್ ವ್ಯತ್ಯಾಸ. ನೀವು ಎಣಿಸಿದ್ರೆ ಏಳನೇದು, ಪುಸ್ತಕದಲ್ಲಿ ಆರನೇದು ಅಂತ ಇರತ್ತಲ್ಲ, ಯಾಕೆ? ಶುರುವಿನ ಮೆಥಿಯೋನಿನ್ನನ್ನ ಒಂದು ಎಂಜೈಮ್ ಕತ್ತರಿಸಿ ಬಿಸಾಕತ್ತೆ, ಹಾಗಾಗಿ 147 ಕೋಡಾನ್ ಓದಿದ್ರೂ ಕೊನೇಗೆ ಉಳಿಯೋದು 146. ಇನ್ನೊಂದು, ಒಂಬತ್ತನೇ ಎಎಜಿಯ ಮೊದಲ ಎ ತೆಗೆದು ಯು ಹಾಕಿ ನೋಡಿ. ಯುಎಜಿ, ಸ್ಟಾಪ್. ಎಂಟಕ್ಕೇ ನಿಂತಿರೋ ಸರಪಳಿ ಯಾವ ಕೆಲಸಕ್ಕೂ ಬರಲ್ಲ.

ಸರಪಳಿ ಎಂಜೈಮ್ ಆಗೋದು

ಹಿಮೋಗ್ಲೋಬಿನ್ ಎಂಜೈಮ್ ಅಲ್ಲ, ಆಕ್ಸಿಜನ್ ಹೊರೋದು ಅದರ ಕೆಲಸ, ಹಾಗಾಗಿ ಕೊನೇ ಹಂತಕ್ಕೆ ಬೇರೆ ಪ್ರೋಟೀನ್ ತಗೊಳ್ಳೋಣ. ರೈಬೋನ್ಯೂಕ್ಲಿಯೇಸ್ ಎ, 124 ಅಮಿನೋ ಆಸಿಡ್, ಆರ್‌ಎನ್‌ಎನ ಕತ್ತರಿಸೋ ಎಂಜೈಮ್. ಆರ್‌ಎನ್‌ಎ ಓದಿ ಹುಟ್ಟಿ ಆರ್‌ಎನ್‌ಎಗೇ ಕತ್ತರಿ ಹಾಕೋದು, ಅದೂ ಸರಿ ಬಿಡಿ.

ಹಾಳೇಲಿ 1ರಿಂದ 124 ತನಕ ಉದ್ದ ಗೆರೆ ಎಳೆದು 12 ಮತ್ತೆ 119ರ ಹತ್ರ ಚುಕ್ಕಿ ಇಡಿ. ಎರಡೂ ಹಿಸ್ಟಿಡಿನ್, ಕತ್ತರಿಸೋ ಕೆಲಸ ಇವೆರಡೂ ಸೇರಿ ಮಾಡೋದು. ಗೆರೇಲಿ ಒಂದು ಈ ತುದಿ, ಇನ್ನೊಂದು ಆ ತುದಿ! ಈಗ ಹಾಳೆಯಿಂದ ಆ ಗೆರೆ ಇರೋ ಪಟ್ಟಿ ಕತ್ತರಿಸಿ ಎರಡೂ ಚುಕ್ಕಿ ಎದುರುಬದುರು ಬರೋ ಹಾಗೆ ಮಡಚಿ. ಆಗ ಹುಟ್ಟೋದು ಎಂಜೈಮ್, ಅಲ್ಲೀತನಕ ಇದ್ದಿದ್ದು ಬರೀ ದಾರ. ಮಡಚೋಕೆ ಒತ್ತಾಯ ಮಾಡೋದು ಮುಖ್ಯವಾಗಿ ನೀರು, ನೀರು ಕಂಡ್ರೆ ಆಗದ ಅಮಿನೋ ಆಸಿಡ್‌ಗಳು ಒಳಗೆ ಸೇರ್ಕೋತಾವೆ, ನೀರಿಗೆ ಒಗ್ಗೋವು ಹೊರಗೆ ಉಳೀತಾವೆ. ಸರಪಳಿ ಬೇಕಾದ ಹಾಗೆಲ್ಲಾ ತಿರುಗೋಕೂ ಆಗಲ್ಲ, ಒಂದಕ್ಕೊಂದು ಡಿಕ್ಕಿ ಹೊಡೀತಾವೆ, ಯಾವ ಕೋನ ಸಾಧ್ಯ ಯಾವುದು ಅಸಾಧ್ಯ ಅಂತ 1963ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತೆ ಜೊತೆಯವರು ನಕ್ಷೆ ಹಾಕಿ ತೋರಿಸಿದ್ರು, ಇವತ್ತಿಗೂ ಹೊಸ ಪ್ರೋಟೀನ್ ರಚನೆ ಸರಿ ಇದ್ಯಾ ಅಂತ ಅದರಲ್ಲೇ ನೋಡೋದು. ತಾನೇ ಮಡಚಿಕೊಳ್ಳೋಕೆ ಒದ್ದಾಡೋ ಪ್ರೋಟೀನ್‌ಗಳಿಗೆ ಶಾಪರೋನ್ ಅನ್ನೋ ಬೇರೆ ಪ್ರೋಟೀನ್‌ಗಳು ಸಹಾಯ ಮಾಡ್ತಾವೆ.

ಮಡಚಿದ ಮೇಲೂ ಕೆಲವು ಕೆಲಸ ಶುರು ಮಾಡಲ್ಲ. ಕಾರ್ಬಾನಿಕ್ ಅನ್‌ಹೈಡ್ರೇಸ್‌ಗೆ ಸತು ಬೇಕು, ಕ್ಯಾಟಲೇಸ್‌ಗೆ ಕಬ್ಬಿಣ ಇರೋ ಹೀಮ್ ಬೇಕು, ಜೊತೆಗೆ ನಾಲ್ಕು ಸರಪಳಿ ಸೇರ್ಬೇಕು. ಟ್ರಿಪ್ಸಿನ್ ಅಂತೂ ಮೇದೋಜೀರಕದಲ್ಲಿ ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟತ್ತೆ, ಸಣ್ಣ ಕರುಳಿಗೆ ಬಂದ ಮೇಲೆ ಇನ್ನೊಂದು ಎಂಜೈಮ್ ಅದರ ಮುಂದಿನ ಪುಟ್ಟ ತುಂಡು ಕತ್ತರಿಸಿದ್ರೇನೇ ಕೆಲಸ ಶುರು. ಮೊದಲೇ ಶುರುವಾದ್ರೆ ಹುಟ್ಟಿದ ಅಂಗಾನೇ ತಿಂದು ಹಾಕತ್ತೆ.

ರೈಬೋನ್ಯೂಕ್ಲಿಯೇಸ್‌ಗೆ ವಾಪಸ್ ಬರೋಣ. ಅದರಲ್ಲಿ ಸಿಸ್ಟೀನ್ ಅನ್ನೋ ಅಮಿನೋ ಆಸಿಡ್ ಎಂಟು, ಎರಡೆರಡು ಸೇರಿ ನಾಲ್ಕು ಗಂಧಕದ ಕೊಂಡಿ. ಎಂಟನ್ನ ಹೀಗೆ ಜೋಡಿ ಮಾಡೋಕೆ 105 ದಾರಿ ಇದೆ, ಸರಿಯಾದದ್ದು ಒಂದೇ. ಕ್ರಿಶ್ಚಿಯನ್ ಆನ್‌ಫಿನ್ಸೆನ್ ಯೂರಿಯಾ ಹಾಕಿ ಪೂರ್ತಿ ಬಿಚ್ಚಿದ್ರು, ಕೊಂಡಿಗಳನ್ನೂ ಮುರಿದ್ರು, ಎಂಜೈಮ್ ಸತ್ತಂಗಾಯ್ತು. ಆಮೇಲೆ ಯೂರಿಯಾ ತೆಗೆದು ಗಾಳಿಗೆ ಬಿಟ್ರೆ ತಾನೇ ಮಡಚ್ಕೊಂಡು ಅದೇ ಒಂದು ಜೋಡಣೆಗೆ ಬಂದು ಮತ್ತೆ ಕತ್ತರಿಸೋಕೆ ಶುರು ಮಾಡ್ತು. ಯೂರಿಯಾ ಇರುವಾಗ್ಲೇ ಕೊಂಡಿ ಬೆಸೆದ್ರೆ ಮಾತ್ರ ಅಡ್ಡಾದಿಡ್ಡಿ ಜೋಡಿಯಾಗಿ ಶೇಕಡಾ ಒಂದರಷ್ಟು ಕೆಲಸ. ಆಕಾರದ ವಿವರ ಅಮಿನೋ ಆಸಿಡ್ ಸಾಲಿನಲ್ಲೇ ಇದೆ ಅಂತ ತೋರಿಸಿದ ಈ ಪ್ರಯೋಗಕ್ಕೆ 1972ರಲ್ಲಿ ನೊಬೆಲ್.

ಆರ್‌ಎನ್‌ಎ ಜೊತೆ ಕೆಲಸ ಮಾಡೋ ಲ್ಯಾಬಿನವರಿಗೆ ಈ ಗುಣಾನೇ ತಲೆನೋವು. ಈ ಜಾತಿ ಎಂಜೈಮ್ ನಮ್ಮ ಚರ್ಮದ ಮೇಲೂ ಇರತ್ತೆ, ಬೆರಳು ತಾಗಿದ್ರೆ ಸಾಕು ಟ್ಯೂಬಲ್ಲಿರೋ ಆರ್‌ಎನ್‌ಎ ಪುಡಿಪುಡಿ, ಕುದಿಸಿ ಸಾಯಿಸೋಣ ಅಂದ್ರೆ ಬಿಚ್ಕೊಂಡಂಗೆ ಆಡಿ ತಣ್ಣಗಾದ ತಕ್ಷಣ ಮತ್ತೆ ಮಡಚ್ಕೊಂಡು ರೆಡಿ. ಅದಕ್ಕೇ ಅವರು ಗ್ಲೌಸ್ ಬಿಚ್ಚಲ್ಲ, ಗಾಜಿನ ಸಾಮಾನನ್ನ ಓವನ್ನಲ್ಲಿ ಗಂಟೆಗಟ್ಟಲೆ ಸುಡ್ತಾರೆ.