ಹಸುಗೂಸಿಗೆ ಹಾಡುವುದು ಹೇಗೆ?

ಮೈಸೂರಿನ ಕುವೆಂಪುನಗರದಲ್ಲಿ ಸಂಗೀತ ಹೇಳಿಕೊಡುತ್ತೇನೆ. ಬಾಣಂತಿಯರೆಲ್ಲ ಕೇಳುವುದು ಒಂದೇ: "ಟೀಚರ್, ಮಗುವಿಗೆ ಯಾವ ಹಾಡು ಹಾಕಲಿ?" ಹಾಕಬೇಡಿ, ನೀವೇ ಹಾಡಿ. ಹೊಟ್ಟೆಯಲ್ಲೇ ಕೇಳಿದ ಅಮ್ಮನ ದನಿಯನ್ನು ಕೂಸು ಹುಟ್ಟುತ್ತಲೇ ಗುರುತಿಸುತ್ತದೆ. ಶ್ರುತಿ ಆಚೀಚೆ ಆದರೂ ಪರವಾಗಿಲ್ಲ.

ತಾಳ ಮಾತ್ರ ಬಿಡಬೇಡಿ. 2009ರ ಒಂದು ಅಧ್ಯಯನದಲ್ಲಿ, ಎರಡು ಮೂರು ದಿನದ ಕೂಸುಗಳು ಮಲಗಿದ್ದಾಗ ಡ್ರಮ್ ಲಯ ಕೇಳಿಸಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆದರು. ಆವರ್ತದ, ಅಂದರೆ ತಾಳದ ಒಂದು ಸುತ್ತಿನ, ಮೊದಲ ಪೆಟ್ಟು ತಪ್ಪಿಸಿದಾಗ ಮೆದುಳಿಗೆ ಅದು ಗೊತ್ತಾಯಿತು! ನಿದ್ದೆಯಲ್ಲೂ!

ಹಾಗಾಗಿ ಮಗುವನ್ನು ಎದೆಗೆ ಒರಗಿಸಿಕೊಳ್ಳಿ. ಬೆನ್ನ ಮೇಲೆ ಬೆರಳುಗಳಿಂದ ಆದಿತಾಳದ ಎಂಟೆಣಿಕೆ ಮೆಲ್ಲಗೆ ತಟ್ಟಿ. ಮೊದಲನೆಯದು ಸ್ವಲ್ಪ ಒತ್ತಿ, ಉಳಿದದ್ದು ಹಗುರ. ಅದಕ್ಕೆ ಒಂದೇ ಜೋಗುಳ, ದಿನಾ ಅದೇ. ಮಗು ಮುಖ ತಿರುಗಿಸಿದರೆ, ಬೆರಳು ಅಗಲಿಸಿದರೆ ಸಾಕು ಅಂತ ಅರ್ಥ. ಸುಮ್ನೆ ಎತ್ತಿಕೊಂಡಿರಿ.

ತೊಟ್ಟಿಲೊಳಗೆ ಫೋನ್ ಇಡಲೇಬೇಡಿ. ಅಷ್ಟು ಹತ್ತಿರದ ಸದ್ದು ಎಳೆಯ ಕಿವಿಗೆ ಜಾಸ್ತಿ ಆಗುತ್ತದೆ.

ಜೋರು ಸದ್ದಿಗೂ ಮಗು ಬೆಚ್ಚದಿದ್ದರೆ ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಹಸುಗೂಸಿನ ಕಿವಿ ಪರೀಕ್ಷಿಸುತ್ತಾರೆ. ನೋವಾಗುವುದಿಲ್ಲ, ಮಗು ಮಲಗಿದ್ದರೆ ಇನ್ನೂ ಸುಲಭ.