ಒಂದೇ ಕಾಲಿಗೆ ಮೂವತ್ತು ಕಾಸ್ಟ್: ಎಎಫ್‌ಒ ಕಲಿತ ನನ್ನ ಅನುಭವ

ಎಎಫ್‌ಒ ಅಂದರೆ ಪಾದವನ್ನೂ ಹರಡನ್ನೂ (ಪಾದದ ಕೀಲು) ಹಿಡಿದು ನಿಲ್ಲಿಸುವ ಪ್ಲಾಸ್ಟಿಕ್ ಬ್ರೇಸ್. ಈ ಕೆಲಸ ಕಲಿಯುತ್ತಿದ್ದ ಮೊದಲ ವರ್ಷ ನಾನು ಮಾಡಿದ ಎಎಫ್‌ಒಗಳಲ್ಲಿ ಹತ್ತಕ್ಕೆ ನಾಲ್ಕು ವಾಪಸ್ ಬರುತ್ತಿದ್ದವು. ಎರಡನ್ನು ಹೀಟ್ ಗನ್ ಹಿಡಿದು, ಅಲ್ಲಿ ಇಲ್ಲಿ ಉಜ್ಜಿ ಹೇಗೋ ಸುಧಾರಿಸುತ್ತಿದ್ದೆ. ಇನ್ನೆರಡನ್ನು ಹೊಸದಾಗಿಯೇ ಮಾಡಬೇಕಿತ್ತು. ನಾನು ಕಲಿಯುತ್ತಿದ್ದ ಕಡೆ ಹಾಳಾದ ಪ್ಲಾಸ್ಟಿಕ್ ಶೀಟಿನ ದುಡ್ಡನ್ನು ನಮ್ಮ ಸ್ಟೈಪೆಂಡಿನಲ್ಲೇ ಹಿಡಿದುಕೊಳ್ಳುತ್ತಿದ್ದರು. ಒಂದು ತಿಂಗಳಂತೂ ಕೈಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಅಷ್ಟೇ.

ಸೀನಿಯರ್‌ಗಳದ್ದು ಒಂದೇ ಮಂತ್ರ. "ನೂರು ಕಾಲು ಮುಟ್ಟು, ಕೈ ತಾನಾಗಿ ಪಳಗುತ್ತೆ." ನೂರು ದಾಟಿತು. ಕೈ ಪಳಗಲಿಲ್ಲ. ಯಾಕೆ ಅಂತ ಹೊಳೆಯಲು ಇನ್ನೂ ಎರಡು ತಿಂಗಳು ಬೇಕಾಯಿತು. ಪ್ರತಿ ಸಲವೂ ಕಾಲು ಬೇರೆ. ಒಬ್ಬರದು ಬಿಗಿ, ಒಬ್ಬರದು ಸಡಿಲ, ಒಬ್ಬರದು ಊದಿಕೊಂಡಿರುತ್ತೆ. ಬ್ರೇಸ್ ಸರಿ ಕೂರದಿದ್ದರೆ ತಪ್ಪು ಕಾಲಿನದೋ ನನ್ನ ಕೈಯದೋ ಗೊತ್ತಾಗೋದು ಹೇಗೆ?

ಹಾಗಾಗಿ ಒಂದೇ ಕಾಲು ಹಿಡಿದೆ. ತಮ್ಮನ ಬಲಗಾಲು. ಆರೋಗ್ಯವಾದ, ಯಾವ ತೊಂದರೆಯೂ ಇಲ್ಲದ ಕಾಲು. ವಾರಕ್ಕೆ ಮೂರು ಕಾಸ್ಟ್, ಅಂದರೆ ಕಾಲಿಗೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ತೆಗೆಯುವ ಅಚ್ಚು. ಪ್ರತಿ ಸಲ ಗುರುತೆಲ್ಲ ತೊಳೆದು ಮತ್ತೆ ಹೊಸದಾಗಿ ಹಾಕುವುದು: ಫಿಬುಲಾದ ತಲೆ (ಮೊಣಕಾಲಿನ ಕೆಳಗೆ ಹೊರಬದಿಯ ಎಲುಬು), ಹರಡಿನ ಎರಡೂ ಗಿಣ್ಣು, ನ್ಯಾವಿಕ್ಯುಲರ್ (ಪಾದದ ಒಳಬದಿಯ ಎಲುಬು), ಕಿರುಬೆರಳ ಹಿಂದಿನ ಎಲುಬಾದ ಐದನೇ ಮೆಟಟಾರ್ಸಲ್‌ನ ಬುಡ, ಒಂದು ಮತ್ತು ಐದನೇ ಮೆಟಟಾರ್ಸಲ್‌ನ ತಲೆ. ಆ ಅಚ್ಚಿನೊಳಗೆ (ನೆಗೆಟಿವ್) ಪ್ಲಾಸ್ಟರ್ ಹುಯ್ದು ಕಾಲಿನ ಪ್ರತಿರೂಪ (ಪಾಸಿಟಿವ್) ತೆಗೆದ ಮೇಲೆ ಕ್ಯಾಲಿಪರ್ ಹಿಡಿದು ಅಳೆದು, ಒಂದು ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುವುದು. ಪಾಸಿಟಿವ್ ಅನ್ನು ಕೆರೆದು, ತುಂಬಿ ತಿದ್ದುವ ರೆಕ್ಟಿಫಿಕೇಶನ್ ಇಲ್ಲ, ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಶೀಟ್ ಎಳೆಯುವುದೂ ಇಲ್ಲ. ಬರೀ ಕಾಸ್ಟ್, ಬರೀ ಅಳತೆ. ವರ್ಕ್‌ಶಾಪಿನಲ್ಲಿ ಎಲ್ಲರೂ ನಕ್ಕರು. "ಇವನಿಗೆ ಗಂಟು ಬಿದ್ದಿರೋದು ಒಂದೇ ಕಾಲು" ಅಂತ ಒಬ್ಬರು. "ಪ್ಲಾಸ್ಟರ್ ದಂಡ ಮಾಡೋಕೆ ಹೊಸ ದಾರಿ" ಅಂತ ಇನ್ನೊಬ್ಬರು. ಪ್ಲಾಸ್ಟರ್ ನನ್ನ ಜೇಬಿನದೇ ಆಗಿತ್ತು, ಅದಕ್ಕೆ ಸುಮ್ನೆ ಇದ್ದೆ.

ಮೊದಲ ಮೂರು ಕಾಸ್ಟ್ ಅಳೆದಾಗ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅದೇ ಕಾಲು, ಅದೇ ವಾರ. ಗಿಣ್ಣಿನ ಹತ್ತಿರದ ಅಗಲದಲ್ಲಿ ಏಳೆಂಟು ಮಿಲಿಮೀಟರ್ ವ್ಯತ್ಯಾಸ. ಮೂರಕ್ಕೂ ಪಾದಕ್ಕೂ ಕಾಲಿಗೂ ನಡುವಿನ ಕೋನ 90 ಡಿಗ್ರಿ ಹಿಡಿದಿದ್ದೇನೆ ಅಂದುಕೊಂಡಿದ್ದೆ. ಒಂದು 86 ಇತ್ತು, ಇನ್ನೊಂದು 95. ಮೂರೂ ಮೂರು ಬೇರೆ ಜನರ ಕಾಲಿನ ಹಾಗೆ ಕಾಣುತ್ತಿದ್ದವು.

ತಪ್ಪುಗಳು ಒಂದೊಂದೇ ಸಿಕ್ಕವು. ಮೊದಲ ಸುತ್ತನ್ನೇ ಎಳೆದು ಸುತ್ತುತ್ತಿದ್ದೆ, ಬ್ಯಾಂಡೇಜ್ ಸಾಕ್ಸ್ ಹಾಗೆ ಬಿಗಿಯುತ್ತಿತ್ತು. ಅಂಗೈಯಲ್ಲಿ ಹಿಡಿಯುವ ಬದಲು ಬೆರಳ ತುದಿಯಲ್ಲಿ ಒತ್ತುತ್ತಿದ್ದೆ, ಪಾಸಿಟಿವ್ ಮೇಲೆ ನನ್ನ ಬೆರಳಿನ ಗುಂಡಿಗಳು. ಪಾದ ಎತ್ತುವಾಗ ಹೆಬ್ಬೆರಳ ಬದಿಗೆ ಜಾಸ್ತಿ ಒತ್ತುತ್ತಿದ್ದೆ, ಮುಂಗಾಲು ತಿರುಚುತ್ತಿತ್ತು. ಕಿರುಬೆರಳ ಬದಿಯಿಂದ, ನಾಲ್ಕು ಮತ್ತು ಐದನೇ ಮೆಟಟಾರ್ಸಲ್ ತಲೆಗಳ ಕೆಳಗಿಂದ ಎತ್ತಲು ಶುರು ಮಾಡಿದ ಮೇಲೆ ಅದು ನಿಂತಿತು.

ಎಲ್ಲಕ್ಕಿಂತ ಕೆಟ್ಟದ್ದು "ಕಾಲು ಸಡಿಲ ಬಿಡು" ಅಂತ ಹೇಳುವುದು. ಹಾಗೆ ಹೇಳಿದ ಕೂಡಲೇ ತಮ್ಮ ಸಹಾಯ ಮಾಡಲು ಹೋಗಿ ಪಾದವನ್ನು ತಾನೇ ಮೇಲೆತ್ತುತ್ತಿದ್ದ. ಹರಡಿನ ಮುಂದೆ ಟೆಂಡನ್ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು, ಪಾಸಿಟಿವ್‌ನಲ್ಲೂ ಅದರ ಏಣು. ರೋಗಿಗಳೂ ಹಾಗೇ ಮಾಡುತ್ತಾರೆ. ಈಗ ಆ ಮಾತನ್ನೇ ಆಡುವುದಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವ ಆ ಮೂರ್ನಾಲ್ಕು ನಿಮಿಷ ಅವರ ಬಾಯಿ ಬಿಡಿಸುತ್ತೇನೆ. ಏನು ಕೇಳಿದರೆ ಕಾಲು ಸಡಿಲವಾಗುತ್ತೆ ಅಂತ ಒಂದೆರಡು ಪ್ರಶ್ನೆ ಕಂಡುಕೊಂಡಿದ್ದೇನೆ. ಅವು ನನ್ನ ಬಂಡವಾಳ, ಇಲ್ಲಿ ಬೇಡ.

ಮಧ್ಯೆ ದುಡ್ಡು ಉಳಿಸಲು ಹೋಗಿ ಒಂದಿಷ್ಟು ಹುಚ್ಚಾಟವೂ ಆಯಿತು. ಪ್ಲಾಸ್ಟರ್ ಬದಲು ಮೇಣ ಕರಗಿಸಿ ನೆಗೆಟಿವ್‌ಗೆ ಹುಯ್ದೆ. ಅಳೆದ ಮೇಲೆ ಮತ್ತೆ ಕರಗಿಸಬಹುದಲ್ವಾ ಅನ್ನೋ ಲೆಕ್ಕ. ಮೇಣ ಆರುತ್ತಾ ಕುಗ್ಗಿತು, ಹಿಮ್ಮಡಿಯಲ್ಲಿ ಬಟ್ಟಲಿನಷ್ಟು ಗುಳಿ. ಫೋನ್ ಸ್ಕ್ಯಾನರ್ ಕೂಡ ನೋಡಿದೆ. ಆಕಾರ ಚೆನ್ನಾಗಿಯೇ ಬಂತು, ಆದರೆ ಪಾದ ಜೋತು ಬಿದ್ದಿತ್ತು. ಹಿಡಿದು ನಿಲ್ಲಿಸಿದರೆ ಸ್ಕ್ಯಾನಿನಲ್ಲಿ ನನ್ನ ಕೈಯೂ ಸೇರಿ ಕಾಲಿಗೆ ಹತ್ತು ಬೆರಳು. ಸ್ಕ್ಯಾನರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆನ್ನಿನ ಬ್ರೇಸಿಗೆ ಅದನ್ನು ಚೆನ್ನಾಗಿ ಬಳಸುವವರಿದ್ದಾರೆ. ನನ್ನ ಕೈ ಪಳಗಿಸುವ ಕೆಲಸಕ್ಕೆ ಅದು ಬರಲಿಲ್ಲ, ಅಷ್ಟೇ.

ಸುಮಾರು ಹತ್ತು ವಾರ, ಹೆಚ್ಚುಕಮ್ಮಿ ಮೂವತ್ತು ಕಾಸ್ಟ್. ಕೊನೆಯ ಐದಾರರಲ್ಲಿ ಅಗಲದ ವ್ಯತ್ಯಾಸ ಎರಡು ಮಿಲಿಮೀಟರ್ ಒಳಗೆ, ಕೋನ ಒಂದೆರಡು ಡಿಗ್ರಿ ಒಳಗೆ ಬಂತು.

ಆಮೇಲೆ ಗೆಳೆಯನ ಕೈಯಲ್ಲಿ ನನ್ನ ಕಾಲಿಗೇ ಕಾಸ್ಟ್ ಹಾಕಿಸಿಕೊಂಡೆ. ಅದರಿಂದ ನನಗೇ ಒಂದು ಬ್ರೇಸ್: ನಾಲ್ಕು ಮಿಲಿಮೀಟರ್ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಸಾಲಿಡ್ ಆಂಕಲ್, ಅಂದರೆ ಹರಡು ಅಲುಗಾಡಲು ಬಿಡದ್ದು. ಮೊದಲನೆಯದು ನನ್ನ ಆತುರಕ್ಕೇ ಹಾಳಾಯಿತು. ಶೀಟ್ ಎಳೆದು ಎರಡು ಗಂಟೆಗೆ ಮೋಲ್ಡ್‌ನಿಂದ ಬಿಡಿಸಿದ್ದೆ, ಮುಟ್ಟಿದರೆ ತಣ್ಣಗಿದೆ ಅಂತ. ಬೆಳಿಗ್ಗೆ ನೋಡಿದರೆ ಗಿಣ್ಣಿನ ಅಂಚುಗಳು ಒಳಕ್ಕೆ ಬಾಗಿದ್ದವು. ಹೊರಗೆ ತಣ್ಣಗಿದ್ದರೂ ಒಳಗೆ ಬಿಸಿ ಇರುತ್ತೆ. ಈಗ ಒಂದು ರಾತ್ರಿಯಾದರೂ ಮೋಲ್ಡ್ ಮೇಲೆಯೇ ಬಿಡುತ್ತೇನೆ, ಯಾರು ಎಷ್ಟೇ ಅವಸರ ಮಾಡಲಿ.

ಎರಡನೆಯದನ್ನು ಒಂದು ದಿನ ಪೂರ್ತಿ ಹಾಕಿಕೊಂಡೆ. ಎಂಟೊಂಬತ್ತು ಗಂಟೆ ಇರಬಹುದು. ಮೆಟ್ಟಿಲು ಇಳಿಯುವಾಗ ಮೊಣಕಾಲನ್ನು ಯಾರೋ ಹಿಂದಿನಿಂದ ತಳ್ಳಿದ ಹಾಗಾಯಿತು. ಕೂತಾಗ ಮೇಲಿನ ಅಂಚು ಮೀನಖಂಡಕ್ಕೆ ಚುಚ್ಚಿತು. ಸಂಜೆಗೆ ನ್ಯಾವಿಕ್ಯುಲರ್ ಮೇಲೆ ಬೊಕ್ಕೆ. ರೋಗಿಗಳು "ಏನೋ ಒಂಥರಾ ಇದೆ" ಅಂದರೆ ಮುಂಚೆ ಸಿಟ್ಟು ಬರುತ್ತಿತ್ತು. ಆ ಒಂಥರಾ ಏನು ಅಂತ ಅವತ್ತು ಗೊತ್ತಾಯಿತು.

ಇದೆಲ್ಲ ನಿಜವಾಗಿ ಕೆಲಸಕ್ಕೆ ಬಂದದ್ದು ಒಬ್ಬ ಅಜ್ಜಿಯ ಕಾಲಿನಲ್ಲಿ. ಸ್ಟ್ರೋಕ್ ಆಗಿ ಎಡಪಾದ ಎತ್ತಲಾಗುತ್ತಿರಲಿಲ್ಲ. ಬ್ರೇಸ್ ಹಾಕಿ 20 ನಿಮಿಷ ನಡೆಸಿ ಬಿಚ್ಚಿದೆ. ಐದನೇ ಮೆಟಟಾರ್ಸಲ್‌ನ ಬುಡದಲ್ಲಿ ನಾಣ್ಯದಷ್ಟು ಕೆಂಪು. "ನೋವಿದೆಯಾ ಅಜ್ಜಿ?" ಅಂದೆ. "ಇಲ್ಲಪ್ಪ, ಬಲು ಚೆನ್ನಾಗಿದೆ" ಅಂದರು. ಆ ಕಾಲಿನಲ್ಲಿ ಅವರಿಗೆ ಸ್ಪರ್ಶವೇ ಅರ್ಧಂಬರ್ಧ, ನೋವು ಎಲ್ಲಿಂದ ತಿಳಿಯಬೇಕು. ಅರ್ಧ ಗಂಟೆ ಕಾದೆವು. ಕೆಂಪು ಆರಲಿಲ್ಲ.

ಮುಂಚಿನ ನಾನಾಗಿದ್ದರೆ ಅಲ್ಲೇ ಹೀಟ್ ಗನ್ ಹಿಡಿದು ಆ ಜಾಗ ಉಬ್ಬಿಸಿ ಕಳಿಸುತ್ತಿದ್ದೆ. ಈ ಸಲ ನೋಟ್‌ಬುಕ್ ತೆಗೆದೆ. ಪಾಸಿಟಿವ್‌ನ ಅಳತೆ ಕಾಲಿನ ಅಳತೆಗೆ ಸರಿಯಾಗಿತ್ತು. ಆ ಎಲುಬಿಗೆ ಜಾಗ ಸಿಗಲಿ ಅಂತ ಪಾಸಿಟಿವ್ ಮೇಲೆ ಪ್ಲಾಸ್ಟರ್ ಏರಿಸಿದ್ದೂ ಸಾಕಷ್ಟಿತ್ತು. ಅಂದಮೇಲೆ ಒತ್ತುತ್ತಿರುವುದು ಯಾಕೆ? ಎಲುಬಿನ ತುದಿಗೆ ಲಿಪ್‌ಸ್ಟಿಕ್ ಹಚ್ಚಿ ಮತ್ತೆ ಹಾಕಿ ನಡೆಸಿದೆ. ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಮೇಲಿನ ಬಣ್ಣ ನಾನು ಉಬ್ಬಿಸಿದ್ದ ಗುಳಿಯಲ್ಲಿ ಇರಲೇ ಇಲ್ಲ. ಒಂದು ಬೆರಳಿನಷ್ಟು ಮುಂದಿತ್ತು. ಪಾದವೇ ಮುಂದಕ್ಕೆ ಜಾರಿತ್ತು. ಹಿಮ್ಮಡಿಯ ಹತ್ತಿರ ಸಣ್ಣ ತೂತು ಕೊರೆದು ಅಜ್ಜಿಯನ್ನು ನಿಲ್ಲಿಸಿ ಇಣುಕಿದೆ. ಹಿಮ್ಮಡಿ ಕೂತಿರಲಿಲ್ಲ, ಮೇಲೆ ತೇಲುತ್ತಿತ್ತು.

ಪಾದದ ಮೇಲಿನ ಸ್ಟ್ರ್ಯಾಪನ್ನು ಹಿಮ್ಮಡಿ ಕಡೆಗೆ 45 ಡಿಗ್ರಿ ಓರೆಯಾಗಿ ಎಳೆಯುವ ಹಾಗೆ ಬದಲಾಯಿಸಿದೆ. ಸ್ವಲ್ಪ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಮಲಗಿಸಿ ಮೊಣಕಾಲು ನೆಟ್ಟಗೆ ಮಾಡಿ ಪಾದ ಎತ್ತಿ ನೋಡಿದೆ. 90ಕ್ಕೆ ಬರಲೇ ಇಲ್ಲ. ಮೊಣಕಾಲು ಮಡಿಸಿದರೆ ಸಲೀಸಾಗಿ ಬಂತು. ಮೀನಖಂಡ ಬಿಗಿ. ನಾನು ಕಾಸ್ಟ್ ತೆಗೆದದ್ದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕಾಲು ಮಡಿಸಿ. ನಿಂತ ಕೂಡಲೇ ಆ ಸ್ನಾಯು ಹಿಮ್ಮಡಿಯನ್ನು ಮೇಲಕ್ಕೆ ಎಳೆಯುತ್ತಿತ್ತು. ಇದು ನಮಗೆಲ್ಲ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟದ್ದು ಅನ್ನೋದು ಇನ್ನೊಂದು ನಾಚಿಕೆ.

ಹೊಸ ಕಾಸ್ಟ್ ತೆಗೆದೆ. ಈ ಸಲ ಮೊಣಕಾಲು ನೆಟ್ಟಗಿಟ್ಟು, ಬಂದಷ್ಟಕ್ಕೇ ಬಿಟ್ಟು, ಐದಾರು ಡಿಗ್ರಿ ಪಾದ ಕೆಳಗೇ ಇರುವ ಹಾಗೆ. ಕಡಿಮೆ ಬಿದ್ದದ್ದನ್ನು ಬ್ರೇಸಿನ ಹಿಮ್ಮಡಿ ಕೆಳಗೆ ಓರೆ ತುಂಡು (ವೆಜ್) ಕೊಟ್ಟು ತುಂಬಿದೆ, ಬಲಗಾಲಿನ ಶೂ ಒಳಗೂ ಅಷ್ಟೇ ಎತ್ತರ. ಆ ಶೀಟಿನ ದುಡ್ಡೂ ನನ್ನದೇ. ಅದೊಂದಕ್ಕೆ ಮಾತ್ರ ಹೊಟ್ಟೆ ಉರಿಯಲಿಲ್ಲ. ಅಜ್ಜಿ 20 ನಿಮಿಷ ನಡೆದರು. ಬಿಚ್ಚಿದಾಗ ಮೀನಖಂಡದ ಸುತ್ತ ತೆಳು ಗುಲಾಬಿ ಗುರುತು, ಹತ್ತು ನಿಮಿಷಕ್ಕೆ ಅದೂ ಮಾಯ. ಮೊದಲ ದಿನ ಒಂದೊಂದು ಗಂಟೆ ಅಂತ ಹೇಳಿ ಕಳಿಸಿದೆ. ಎರಡು ವಾರಕ್ಕೆ ದಿನವಿಡೀ ಹಾಕಿಕೊಳ್ಳುತ್ತಿದ್ದರು.

ಕೈ ಮೇಲೆ ನಂಬಿಕೆ ಇದ್ದದ್ದಕ್ಕೇ ಅಲ್ಲಿಯವರೆಗೆ ಹುಡುಕಿಕೊಂಡು ಹೋದೆ. ಇಲ್ಲದಿದ್ದರೆ ಕಾಸ್ಟನ್ನೇ ಬೈದು, ಅದೇ ಕುರ್ಚಿಯಲ್ಲಿ ಕೂರಿಸಿ ಅದೇ ತಪ್ಪನ್ನು ಇನ್ನೊಂದು ಸಲ ಹುಯ್ಯುತ್ತಿದ್ದೆ.

ಈಗ ಹತ್ತಕ್ಕೆ ಒಂದು ವಾಪಸ್ ಬಂದರೆ ಜಾಸ್ತಿ. ಬಂದದ್ದೂ ಬಹುತೇಕ ಸ್ಟ್ರ್ಯಾಪ್ ಸವೆದೋ ಶೂ ಬದಲಾಯಿಸಿಯೋ. ಶೂವಿನ ಹಿಮ್ಮಡಿ ಎತ್ತರ ಬದಲಾದರೆ ಇಡೀ ಕಾಲಿನ ಓರೆಯೇ ಬದಲಾಗುತ್ತೆ, ಅದನ್ನು ಬರೆದುಕೊಟ್ಟರೂ ಯಾರೂ ಓದುವುದಿಲ್ಲ. ಅಂದು ನಕ್ಕ ಸೀನಿಯರ್ ಹೊಸ ಹುಡುಗರನ್ನು ನನ್ನ ಬೆಂಚಿಗೇ ಕಳಿಸುತ್ತಾರೆ. ಒಂದೇ ಕಾಲಿಗೆ ಹತ್ತು ಕಾಸ್ಟ್ ಹಾಕಿ ಬನ್ನಿ ಅಂತ ಅವರೇ ಹೇಳುತ್ತಾರಂತೆ, ತಮ್ಮದೇ ಐಡಿಯಾ ಅನ್ನೋ ಹಾಗೆ.

ನನ್ನ ಕಣ್ಣು ಈಗ ಮೊಣಕಾಲನ್ನೂ ಸೇರಿಸಿ ಹಿಡಿಯುವ ಬ್ರೇಸ್ ಆದ ಕೆಎಎಫ್‌ಒ ಮೇಲಿದೆ. ತೊಡೆಯವರೆಗೆ ಪ್ಲಾಸ್ಟರ್, ಮೊಣಕಾಲಿನ ಜಾಯಿಂಟ್ ಎಲ್ಲಿ ಕೂರಿಸಬೇಕು ಅನ್ನೋದೇ ದೊಡ್ಡ ತಲೆನೋವು, ಕಡಿಮೆ ಅಂದರೂ ಇಪ್ಪತ್ತು ಕಾಸ್ಟ್ ಬೇಕು. ವಿಷಯ ಕೇಳಿದಾಗಿನಿಂದ ತಮ್ಮ ಫೋನ್ ಎತ್ತುತ್ತಿಲ್ಲ.