ಮಳೆ ನಕ್ಷತ್ರ ನೋಡಿ ಬೀಜ ಹಾಕಿ

ನಮ್ಮ ತೀರ್ಥಹಳ್ಳಿ ಕಡೆ ಹಿಮ ಬಿದ್ದು ಗಿಡ ಸುಡುವ ಚಿಂತೆ ಇಲ್ಲ. ಇಲ್ಲಿ ದಿನ ಗೊತ್ತುಮಾಡುವುದು ಮಳೆ. ಸೌತೆ, ಹೀರೆ, ಬೆಂಡೆ ಬೀಜವನ್ನು ನಾನು ಮೇ ಕೊನೆಯಲ್ಲೇ, ಗುಡುಗು ಮಳೆಗೆ ಮಣ್ಣು ನೆಂದ ಕೂಡಲೇ ಹಾಕುತ್ತೇನೆ. ಜೂನ್ 7–8ರ ಹೊತ್ತಿಗೆ ಮೃಗಶಿರ ಮಳೆ ನಕ್ಷತ್ರ ಶುರು. ಅಷ್ಟರಲ್ಲಿ ಮೊಳಕೆ ಮೇಲೆದ್ದಿರಬೇಕು. ಅದರ ನಂತರದ ಆರಿದ್ರಾ ಮಳೆಯಲ್ಲಿ ಹಾಕಿದ ಬೀಜ ಸುಮ್ನೆ ಕೊಳೆಯುತ್ತದೆ, ಉಳಿದದ್ದನ್ನು ಬಸವನಹುಳು ಬಿಡುವುದಿಲ್ಲ. ಬೀಜದ ಪ್ಯಾಕೆಟ್ ಮೇಲೆ 'ವರ್ಷವಿಡೀ ಬಿತ್ತಬಹುದು' ಎಂದಿರುತ್ತದೆ. ಬರೆದವರು ಆಗುಂಬೆ ಮಳೆ ನೋಡಿಲ್ಲ, ಅಲ್ವಾ? ಮಡಿ ಒಂದು ಗೇಣು ಎತ್ತರ ಇರಲಿ, ಪಕ್ಕದಲ್ಲಿ ನೀರು ಹರಿದುಹೋಗಲು ಚರಂಡಿ ತೆಗೆಯಿರಿ. ಮಳೆಗಾಲದಲ್ಲಿ ಬುಡಕ್ಕೆ ದರಗು (ಒಣ ಎಲೆ) ಜಾಸ್ತಿ ಬೇಡ, ಹುಳು ಅಡಗುತ್ತವೆ. ಟೊಮೆಟೊ, ಎಲೆಕೋಸಿಗೆ ಆತುರ ಬೇಡ. ಸೆಪ್ಟೆಂಬರ್ ಕೊನೆಗೆ ಸೂರಿನಡಿ ಸಸಿ ಮಾಡಿಕೊಂಡು, ದೀಪಾವಳಿ ಆಸುಪಾಸಿನಲ್ಲಿ ನೆಡಿ.